ಬೀದಿಗೆ ಒಂದು ಹಿಡಿ, ಮೇಕೆಗೆ ಒಂದು ಬುಟ್ಟಿ

ಬೀಕಾನೇರಿಗೆ ಬಂದ ಮೊದಲ ದಿನ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಬಚ್ಚಲ ಬಾಗಿಲಲ್ಲೇ ಮನೆಯ ಯಜಮಾನಿ ನಿಂತಿದ್ದರು. ಎಪ್ಪತ್ತರ ಆಸುಪಾಸಿನ ಮುದುಕಿ. ತಲೆಯ ಮೇಲೆ ಕೆಂಪು ಸೆರಗು, ಕೈಯಲ್ಲಿ ಖಾಲಿ ಬಕೆಟ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಕೇಳಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಹಲ್ಲು ಕಿರಿದೆ. ಅವರು ಮತ್ತೆ ಕೇಳಿದರು, ಈ ಸಲ ಬಕೆಟ್ಟನ್ನು ನನ್ನ ಮುಂದೆ ಹಿಡಿದು.

ಒಳಗಿನಿಂದ ಬಂದ ನನ್ನ ಹೆಂಡತಿ ಸಾವಿತ್ರಿ ಕೇಳಿಸಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡಳು. "ನೀವು ಮಿಂದಿದ್ ನೀರು ಎಲ್ಲಿ ಅಂತ ಕೇಳ್ತಾವ್ರೆ ಕಣ್ರೀ. ವಾಪಸ್ ಕೊಡ್ಬೇಕಂತೆ."

"ಮಿಂದಿದ್ ನೀರಾ? ಅದು ಮೋರೀಲಿ ಹೋಯ್ತಲ್ಲ!"

ಬಚ್ಚಲಲ್ಲಿ ಅಗಲ ಬಾಯಿಯ ಒಂದು ಪಾತ್ರೆ, ಅದರ ಮೇಲೆ ಅಡ್ಡಲಾಗಿ ಮರದ ಮಣೆ ಇದ್ದದ್ದು ನಿಜ. ಯಾರೋ ಒಣಗಲು ಇಟ್ಟಿದ್ದಾರೆಂದು ಅವೆರಡನ್ನೂ ಗೋಡೆಗೆ ಒರಗಿಸಿ, ಊರಿನ ಅಭ್ಯಾಸದಂತೆ ನೀರನ್ನು ತಲೆಯ ಮೇಲೆ ಬುಳಬುಳನೆ ಸುರಿದುಕೊಂಡಿದ್ದೆ. ಆ ಮಣೆಯ ಮೇಲೆ ಕೂತು ಮೀಯಬೇಕಿತ್ತಂತೆ. ಪಾತ್ರೆಯಲ್ಲಿ ನಿಂತ ನೀರಿನಲ್ಲಿ ಬಟ್ಟೆ ನೆನೆಸಬೇಕು, ಬಟ್ಟೆಯ ನೀರಿನಲ್ಲಿ ನೆಲ ಒರೆಸಬೇಕು, ನೆಲದ ನೀರನ್ನು ಅಂಗಳದ ಬೇವಿನ ಮರಕ್ಕೆ ಹಾಕಬೇಕು. ಹೀಗೆ ನಾಲ್ಕು ಕಡೆ ದುಡಿಯಬೇಕಾಗಿದ್ದ ನೀರನ್ನು ನಾನು ಒಂದೇ ಸಲಕ್ಕೆ ಕೊಂದಿದ್ದೆ. ಮುದುಕಿ ಮೋರಿಯ ಕಡೆ ನೋಡಿದರು, ಯಾರೋ ತೀರಿಕೊಂಡ ಮನೆಯ ಕಡೆ ನೋಡುವ ಹಾಗೆ. ಖಾಲಿ ಬಕೆಟ್ಟು ಹಿಡಿದುಕೊಂಡು ಹೊರಟುಹೋದರು.

ನಾನು ಹೇಮಾವತಿ ದಂಡೆಯವನು ಸ್ವಾಮಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿ ನಮ್ಮದು. ಬಿಂದಿಗೆ ನೀರು ಚೆಲ್ಲಿದರೆ "ಅದೇನ್ ಮಾ, ಹೊಳೆ ಬತ್ತೋಯ್ತಾ?" ಎಂದು ನಗುವ ಜನ. ಹೊಳೆಯಲ್ಲಿ ಎಮ್ಮೆ ತೊಳೆದು, ಅದರ ಬಾಲ ಹಿಡಿದು ಈಜಿ, ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬೆಳೆದವನು ನಾನು. ನನ್ನನ್ನು ಸಾಕಿದವಳು ಅಜ್ಜಿ. ಮಾತು ಕಲಿಸಿದವಳೂ ಅವಳೇ. ನನ್ನ ಬಾಯಲ್ಲಿ ಗಾದೆ ಬಂದರೆ ಅದು ಅವಳದು, ಬೈಗುಳ ಬಂದರೂ ಅವಳದೇ. "ಹೊಳೆಗ್ ಸುರಿದ್ರೂ ಅಳ್ದು ಸುರೀಬೇಕು ಕಣ್ಲಾ" ಎಂದು ಅವಳು ಹೇಳುತ್ತಲೇ ಇದ್ದಳು. ಕಣ್ಣೆದುರಿಗೆ ತುಂಬಿದ ಹೊಳೆ ಇದ್ದವನಿಗೆ ಆ ಮಾತಿನ ಅರ್ಥ ಹೇಗೆ ತಿಳಿದೀತು?

ತೊಂಬತ್ತರ ದಶಕದ ನಡುವಿನ ಮಾತು ಇದು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಮನೆಮನೆಗೆ ಟೀವಿ ಬಂದು ರೇಡಿಯೋಗಳು ಅಟ್ಟ ಸೇರಿದ ಮೇಲೆ ನಾನು ಬೀದಿ ನೋಡುತ್ತಾ ಕೂರುವುದೇ ಕಸುಬಾಯಿತು. ಸಾವಿತ್ರಿ ನುಗ್ಗೇಹಳ್ಳಿಯವಳು, ಹಿಂದಿಯಲ್ಲಿ ಎಂ.ಎ. ಮಾಡಿದವಳು. ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಅವಳಿಗೆ ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಎಲ್ಲಿ ಎಂದರೆ ರಾಜಸ್ಥಾನದ ಬೀಕಾನೇರಿನಲ್ಲಿ. ಗಂಡನ ಹಿಂದೆ ಹೆಂಡತಿ ಹೋಗುವುದು ಲೋಕರೂಢಿ. ಹೆಂಡತಿಯ ಹಿಂದೆ ಟ್ರಂಕು ಹೊತ್ತುಕೊಂಡು ಹೊರಟ ನನ್ನನ್ನು ನೋಡಿ ಪಕ್ಕದ ಹೋಟೆಲಿನ ಸಣ್ಣಪ್ಪ, "ಪುಟ್ಸಾಮಿ, ಅಲ್ಲಿ ಹಿಟ್ಟು ತಿರುವೋಕೆ ಕೋಲು ಸಿಕ್ತದೋ ಇಲ್ವೋ, ಇಲ್ಲಿಂದ್ಲೇ ತಗೊಂಡೋಗು" ಎಂದ. ಅವನು ತಮಾಷೆ ಮಾಡಿದ. ನಾನು ನಿಜವಾಗಿಯೂ ತೆಗೆದುಕೊಂಡು ಹೋದೆ. ಒಳ್ಳೆಯದೇ ಆಯಿತು. ಇಲ್ಲಿ ಮುದ್ದೆ ಕೋಲು ಸಿಗುವುದಿಲ್ಲ.

ಹೊರಡುವ ದಿನ ಅಜ್ಜಿ ನನ್ನ ಚೀಲದಲ್ಲಿ ಒಂದು ಬಟ್ಟೆಯ ಗಂಟು ತುರುಕಿದಳು. ಬಿಚ್ಚಿ ನೋಡಿದರೆ ಬೂದಿ. ಬೂದಿಯೊಳಗೆ ಅವರೆ ಬೀಜ. "ಹುಳ ಬೀಳ್ದಂಗೆ ಬೂದೀಲಿ ಇಕ್ಕಿವ್ನಿ. ಎಲ್ಲಿಗೋದ್ರೂ ಬಾಗ್ಲಲ್ಲಿ ಒಂದ್ ಅವರೆ ಬಳ್ಳಿ ಇರ್ಲಿ ಕಣ್ಲಾ. ಬಳ್ಳಿ ಇದ್ರೆ ಮನೆ, ಇಲ್ದಿದ್ರೆ ಛತ್ರ."

ನಮಗೆ ಸಿಕ್ಕಿದ ಮನೆ ಹಳೆಯ ಪೇಟೆಯ ಗಲ್ಲಿಯೊಂದರಲ್ಲಿತ್ತು. ಕೆಂಪು ಕಲ್ಲಿನ ಗೋಡೆ, ನಡುವೆ ಅಂಗಳ, ಅಂಗಳದಲ್ಲಿ ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಮೇಕೆ. ಎದುರು ಕೋಣೆಯಲ್ಲಿ ಯಜಮಾನಿ, ಈಚೆ ಎರಡು ಕೋಣೆಯಲ್ಲಿ ನಾವು. ಅವರನ್ನು ಗಲ್ಲಿಯ ಜನವೆಲ್ಲ "ಮಾಸಾ" ಎನ್ನುತ್ತಿದ್ದರು. ಮಾ ಎಂದರೆ ತಾಯಿ, "ಸಾ" ಎಂಬುದು ಗೌರವಕ್ಕೆ ಅಂಟಿಸುವ ಬಾಲ. ನಮ್ಮ ಕಡೆ ಮೇಷ್ಟ್ರಿಗೆ "ಏನ್ ಸಾ" ಎನ್ನುತ್ತೇವಲ್ಲ, ಅದೇ ಬಾಲ ಇಲ್ಲಿ ತಾಯಿಗೆ ಸೇರಿದೆ ಎಂದು ನನಗೆ ಸಮಾಧಾನವಾಯಿತು. ಪರಸ್ಥಳದಲ್ಲಿ ಇಂಥ ಸಣ್ಣ ಗುರುತುಗಳನ್ನೂ ಹೆಕ್ಕಿಕೊಳ್ಳಬೇಕಾಗುತ್ತದೆ.

ಅಂಗಳದ ಮೂಲೆಯಲ್ಲಿ ಒಂದು ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ. ಒಡವೆ ಇಟ್ಟಿದ್ದಾರೇನೋ ಎಂದುಕೊಂಡೆ. ಒಳಗಿದ್ದದ್ದು ನೀರು. ಇಲ್ಲಿ ಅದಕ್ಕೆ ಟಾಂಕಾ ಎನ್ನುತ್ತಾರೆ. ನೆಲದೊಳಗೆ ಗಾರೆ ಬಳಿದು ಕಟ್ಟಿದ ತೊಟ್ಟಿ, ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರೆಲ್ಲ ಕೊಳವೆಯಲ್ಲಿ ಇಳಿದು ಅಲ್ಲಿ ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯನ್ನು ದೇವರ ಮನೆಯ ಹಾಗೆ ಗುಡಿಸುತ್ತಾರೆ, ಮೆಟ್ಟು ಹಾಕಿಕೊಂಡು ಮೇಲೆ ಹತ್ತುವಂತಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಮಳೆ. ಅದನ್ನು ಕುಡಿಯಲು ಮಾತ್ರ. ಮಿಕ್ಕದ್ದಕ್ಕೆ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಉಪ್ಪುಪ್ಪಾದ ನಲ್ಲಿ ನೀರು.

ಪಾತ್ರೆ ತೊಳೆಯುವುದನ್ನು ನೋಡಿ ಇನ್ನೊಂದು ಸಲ ಬೆರಗಾದೆ. ತೊಳೆಯುವುದು ಎಲ್ಲಿ ಬಂತು? ಒಲೆಯ ಬೂದಿ ಹಾಕಿ, ಮರಳು ಹಾಕಿ, ಒಣಗಿದ ಕೈಯಲ್ಲೇ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಹಿತ್ತಾಳೆ ತಟ್ಟೆಯಲ್ಲಿ ಮುಖ ಕಾಣುತ್ತಿತ್ತು. ನಾನು ಸೋಪಿನ ಪುಡಿ ನೊರೆಯೆಬ್ಬಿಸಿ ತೊಳೆದ ತಟ್ಟೆಯನ್ನು ಮಾಸಾ ಮೂಸಿ ನೋಡಿ ಪಕ್ಕಕ್ಕಿಟ್ಟರು. ಸಾವಿತ್ರಿ ಅವರ ಪಕ್ಷ ವಹಿಸಿದಳು. "ನಮ್ಮ ನುಗ್ಗೇಹಳ್ಳೀಲೂ ಇಂಗೇ ಕಣ್ರೀ. ಬೂದಿ, ತೆಂಗಿನ ನಾರು. ತೊಳ್ದಿದ್ ನೀರು ತೆಂಗಿನ ಬುಡಕ್ಕೆ. ಹೊಳೆ ದಂಡೆಯೋರ್ಗೆ ಇವೆಲ್ಲ ಎಲ್ಲಿ ಗೊತ್ತಾಗ್ಬೇಕು!" ಒಂದೇ ಜಿಲ್ಲೆ ನಮ್ಮದು. ಆದರೂ ಅವಳ ಊರಿಗೂ ನನ್ನ ಊರಿಗೂ ನಡುವೆ ಒಂದು ಹೊಳೆಯಷ್ಟು ಅಂತರವಿದೆಯೆಂದು ನನಗೆ ಬೀಕಾನೇರಿಗೆ ಬಂದ ಮೇಲೆ ತಿಳಿಯಿತು.

ಅವಳು ಶಾಲೆಗೆ ಹೋದ ಮೇಲೆ ಹಗಲು ಎಂಬುದು ಮುಗಿಯುತ್ತಲೇ ಇರಲಿಲ್ಲ. ಮಧ್ಯಾಹ್ನ "ಲೂ" ಎಂಬ ಬಿಸಿಗಾಳಿ ಬೀಸುತ್ತಿತ್ತು, ಹೋಟೆಲಿನ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಬಾಗಿಲು ಮುಚ್ಚಿಕೊಂಡು, ಊರಿಂದ ತಂದ ಒಂದೇ ಒಂದು ರೇಡಿಯೋದ ಮುಳ್ಳನ್ನು ಆಚೀಚೆ ತಿರುಗಿಸುತ್ತಾ ಎಲ್ಲಾದರೂ ಒಂದು ಕನ್ನಡದ ಪದ ಕೇಳೀತೇನೋ ಎಂದು ಕೂರುತ್ತಿದ್ದೆ. ಕೇಳುತ್ತಿದ್ದದ್ದು ಬರೀ ಗರಗರ. ಆ ಗರಗರವೂ ನಮ್ಮ ಹೊಳೆಯ ಮಡುವಿನ ಸದ್ದಿನ ಹಾಗಿದೆಯೆಂದು ಒಂದೊಂದು ದಿನ ಹಾಗೇ ಹಾಕಿಟ್ಟುಕೊಂಡು ಮಲಗಿದ್ದೂ ಉಂಟು.

ಬೀಜ ಬಿತ್ತಿದ್ದು ಆ ದಿನಗಳಲ್ಲೇ. ಅಂಗಳದ ಗೋಡೆಯ ಪಕ್ಕ ಮರಳು ಕೆದಕಿ, ಅಜ್ಜಿಯ ಗಂಟಿನ ಅರ್ಧದಷ್ಟು ಬೀಜ ಊರಿದೆ. ಮಾಸಾ ಟಾಂಕಾದ ಬೀಗ ತೆಗೆದು ನೀರು ಸೇದಿ, ಹಾಗೇ ಬಿಟ್ಟು ಒಳಗೆ ಹೋಗಿದ್ದರು. ನಮ್ಮ ಕಡೆ ಬಳ್ಳಿಗೆ ನೀರು ಹಾಕುವುದೆಂದರೆ ಬಿಂದಿಗೆಯನ್ನು ಬುಡದಲ್ಲಿ ಬೋರಲು ಹಾಕುವುದು. ಎರಡು ಕೊಡ ಸೇದಿ ಬೋರಲು ಹಾಕಿದೆ. ಮರಳು ಗಟಗಟನೆ ಕುಡಿದುಬಿಟ್ಟಿತು. ಮೂರನೆಯದಕ್ಕೆ ಹಗ್ಗ ಬಿಡುವಾಗ ಹಿಂದಿನಿಂದ ಒಂದು ಕೂಗು.

ಅವರು ಬೈದದ್ದು ನನಗೆ ಅರ್ಥವಾಗಲಿಲ್ಲ, ಆದರೆ ಅಜ್ಜಿಯ ಕೈಯಲ್ಲಿ ಬೈಸಿಕೊಂಡು ಬೆಳೆದವನಿಗೆ ರಾಗ ಸಾಕು. ಸಂಜೆ ಸಾವಿತ್ರಿ ಬಂದು ತರ್ಜುಮೆ ಮಾಡಿದಳು. "ಮಕ್ಳು ಕುಡಿಯೋ ನೀರ್ನ ಮರಳಿಗೆ ಕುಡಿಸ್ದ ನಿನ್ ಗಂಡ ಅಂತಾವ್ರೆ. ಇವ್ನಿಗೆ ಊರಲ್ಲಿ ಯಾರೂ ಹೇಳೋರು ಕೇಳೋರು ಇರ್ಲಿಲ್ವಾ ಅಂತಾನೂ ಕೇಳಿದ್ರು."

"ನೀನೇನಂದೆ?"

"ಹೊಳೆ ಇತ್ತು, ಹೇಳೋರು ಇರ್ಲಿಲ್ಲ ಅಂದೆ."

ಮೊಳಕೆ ಬಂತು. ಬಂದ ವಾರದಲ್ಲೇ ಬಿಸಿಗಾಳಿಗೆ ಸುರುಟಿ ಹೊಗೆಸೊಪ್ಪಿನ ಹಾಗಾಯಿತು. ಮಿಕ್ಕ ಅರ್ಧ ಗಂಟನ್ನು ಕಟ್ಟಿ ಟ್ರಂಕಿನಲ್ಲಿಟ್ಟೆ. ಈ ಮಣ್ಣಿಗೆ ನಮ್ಮ ಬೀಜ ಸೇರುವುದಿಲ್ಲ ಎಂದುಕೊಂಡೆ.

ಆ ಹೊತ್ತಿಗೇ ಸಾವಿತ್ರಿ ಬಸುರಿಯಾದಳು. ಅವಳಿಗೆ ಏನೂ ಒಗ್ಗಲಿಲ್ಲ. ಇಲ್ಲಿನ ಕಡಲೆಹಿಟ್ಟಿನ ಪಲ್ಯ, ಎಣ್ಣೆ ತೇಲುವ ಸಾರು, ತುಪ್ಪದಲ್ಲಿ ಮುಳುಗಿಸಿದ ಗಟ್ಟಿ ಉಂಡೆಯಂಥ ಬಾಟಿ, ಯಾವುದನ್ನು ಕಂಡರೂ ಮುಖ ತಿರುಗಿಸುತ್ತಿದ್ದಳು. ಶಾಲೆಯಿಂದ ಬಂದವಳು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಒಂದು ದಿನ ಕೇಳಿದೆ: "ಏನ್ ಬೇಕು ಹೇಳು, ಎಲ್ಲಿಂದಾದ್ರೂ ತತ್ತೀನಿ."

"ಹಿತಕಿದ ಅವರೇಬೇಳೆ ಸಾರು," ಎಂದಳು. "ಸೊಗಡಿನ ಅವರೆ. ಮೂಸಿದ್ರೆ ಕೈಯೆಲ್ಲ ವಾಸನೆ ಇರ್ಬೇಕು. ಅದ್ರ ಜೊತೆ ಒಂದ್ ಬಿಸಿ ಮುದ್ದೆ." ಹೇಳುತ್ತಾ ಹೇಳುತ್ತಾ ಅತ್ತಳು. "ಸಾಕು ಕಣ್ರೀ. ರಾಜೀನಾಮೆ ಕೊಟ್ಟು ಹೋಗ್ಬಿಡಾಣ. ಚಳಿಗಾಲಾನೂ ಇಲ್ಲೇ ಕಳೆಯೋಕೆ ನನ್ ಕೈಲಾಗಲ್ಲ."

ಎಷ್ಟು ವರ್ಷ ಓದಿ, ಎಷ್ಟು ಊರಿಗೆ ಅಲೆದು ಪಡೆದ ಕೆಲಸ ಅದು ಎಂದು ನನಗೆ ಗೊತ್ತಿತ್ತು. ಬಿಟ್ಟರೆ ಮತ್ತೆ ಸಿಗುವುದಲ್ಲ. ಊರಿಗೆ ಹೋದರೆ ನನಗಂತೂ ಅಂಗಡಿಯೂ ಉಳಿದಿರಲಿಲ್ಲ, ಅದರಲ್ಲಿ ಆಗಲೇ ಯಾರೋ ಕ್ಯಾಸೆಟ್ಟು ಮಾರುತ್ತಿದ್ದರು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಅಜ್ಜಿಯ ಮಾತು ಬೇರೆ ಕಿವಿಯಲ್ಲಿತ್ತು. "ಸಂಕ್ರಾಂತಿವರ್ಗೂ ನೋಡಾಣ," ಎಂದೆ. "ಅಷ್ಟ್ರಲ್ಲಿ ಅವರೆ ಬಂದ್ರೆ ಇರಾಣ. ಬರ್ದಿದ್ರೆ ನೀನ್ ಹೇಳ್ದಂಗೆ." ಅವಳು ಕಣ್ಣು ಒರೆಸಿಕೊಂಡು ಹೂಂ ಎಂದಳು.

ಮಾರನೆಯ ದಿನ ಅರ್ಧ ಗಂಟು ಹಿಡಿದುಕೊಂಡು ಮಾಸಾ ಎದುರು ಕೂತೆ. ಅಷ್ಟರಲ್ಲಿ ನನ್ನ ಹಿಂದಿ ಹಾಲು-ಮೊಸರು ಕೊಳ್ಳುವ ಮಟ್ಟಕ್ಕೆ ಬಂದಿತ್ತು. ಹೆಂಡತಿಯ ಹೊಟ್ಟೆ, ಬೀಜ, ಬಯಕೆ, ಕಿವಿ ಸೋರುವುದು, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದೆ. ಅವರು ಬೂದಿಯನ್ನು ಊದಿ, ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. ಬೂದಿಯಲ್ಲಿ ಇಟ್ಟದ್ದು ಯಾರು ಎಂದರು. ಅಜ್ಜಿ ಎಂದೆ. "ನಿನ್ನ ಅಜ್ಜಿಗೆ ಬುದ್ಧಿ ಇದೆ" ಎಂದರು. ನನ್ನ ವಿಷಯ ಏನೂ ಹೇಳಲಿಲ್ಲ.

ಒಳಗಿನಿಂದ ಕೊರಳು ಮುಕ್ಕಾದ ಒಂದು ಹಳೆಯ ಮಟ್ಕಾ, ಎಂದರೆ ನೀರಿನ ಮಣ್ಣಿನ ಗಡಿಗೆ, ತಂದರು. ಬೇವಿನ ಮರದ ನೆರಳು ಮಧ್ಯಾಹ್ನಕ್ಕೆ ಬಂದು ಬೀಳುವ ಜಾಗದಲ್ಲಿ ಗುಂಡಿ ತೋಡಿಸಿ, ಗಡಿಗೆಯನ್ನು ಕೊರಳಿನವರೆಗೆ ಹೂಳಿಸಿದರು. ಮೇಕೆಯ ಹಿಕ್ಕೆ, ಒಣಗಿದ ಬೇವಿನ ಎಲೆ ಬೆರೆಸಿದ ಮಣ್ಣನ್ನು ಸುತ್ತ ತುಂಬಿಸಿ, ಗಡಿಗೆಯ ಸುತ್ತ ಬೀಜ ಊರಿಸಿದರು. ನೀರನ್ನು ಗಿಡಕ್ಕೆ ಹಾಕುವುದೇ ಇಲ್ಲ, ಗಡಿಗೆಗೆ ತುಂಬಿ ಬಾಯಿಗೆ ಹಂಚು ಮುಚ್ಚುವುದು. ಮಣ್ಣಿನ ಗಡಿಗೆ ಬೆವರುತ್ತದಲ್ಲ, ಆ ಬೆವರನ್ನು ಬೇರು ಹುಡುಕಿಕೊಂಡು ಬಂದು ಕುಡಿಯುತ್ತದೆ. ತುಂಬಲು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು. ಸೋಪಿನ ನೀರು ಕೂಡದು.

"ಹಾಲು ಕುಡಿಸೋದು ನಿನ್ನ ಹೆಂಡತಿಗೆ ಗೊತ್ತಿರುತ್ತೆ, ನಿನಗೂ ಗೊತ್ತಿರಲಿ," ಎಂದರು ಮಾಸಾ. "ಕೂಸಿನ ಮುಖದ ಮೇಲೆ ಹಾಲು ಸುರೀತಾರೇನು?"

ಅಕ್ಕಿ ತೊಳೆದ ನೀರನ್ನು ಬಗ್ಗಿಸಿ ಇಟ್ಟುಕೊಳ್ಳುವುದು ನನಗೆ ಮೊದಮೊದಲು ನಾಚಿಕೆಯ ಕೆಲಸವಾಗಿತ್ತು. ಬರುಬರುತ್ತಾ ಅದೇ ದಿನದ ಕಸುಬಾಯಿತು. ಲೋಟ ತೊಳೆದ ನೀರೂ ಕಣ್ಣಿಗೆ ಬೀಳತೊಡಗಿತು. ಚಹದ ಚರಟ, ಈರುಳ್ಳಿ ಸಿಪ್ಪೆ, ಮೂಲಂಗಿಯ ಹಣ್ಣೆಲೆ, ಮೇಕೆ ತಿನ್ನುವುದು ಮೇಕೆಗೆ, ಮೇಕೆ ಬಿಟ್ಟದ್ದು ಗುಂಡಿಗೆ. ಸಾವಿತ್ರಿಯ ಹರಿದ ಸೀರೆ ಬಳ್ಳಿಗೆ ಪಡುವಣ ಗಾಳಿಯ ಮರೆಯಾಯಿತು. ಗಲ್ಲಿಯ ಕಸದ ತೊಟ್ಟಿಯ ಹತ್ತಿರಕ್ಕೆ ನಾನು ಹೋಗಿ ಎಷ್ಟೋ ದಿನವಾಗಿದೆಯೆಂದು ಒಂದು ಬೆಳಿಗ್ಗೆ ಹೊಳೆಯಿತು. ಕೊಡುವುದಕ್ಕೆ ನಮ್ಮ ಮನೆಯಲ್ಲಿ ಕಸವೇ ಇರಲಿಲ್ಲ.

ಬಳ್ಳಿ ಹಬ್ಬಿತು. ದೀಪಾವಳಿ ಕಳೆದು ಹೂವು ಬಿಟ್ಟಿತು. ಸಾವಿತ್ರಿ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಬಳ್ಳಿಯ ಹತ್ತಿರ ಹೋಗುತ್ತಿದ್ದಳು. ಬಾಯಲ್ಲಿ ರಾಜೀನಾಮೆಯ ಮಾತು ಬರಲಿಲ್ಲ. ಹಾಗೆಂದು ಇರುತ್ತೇನೆ ಎಂಬ ಮಾತೂ ಬರಲಿಲ್ಲ.

ಪುಷ್ಯದ ಚಳಿ ಇಲ್ಲಿ ನಮ್ಮ ಮಾಗಿಯಂತಲ್ಲ. ನಮ್ಮಲ್ಲಿ ಇಬ್ಬನಿ ಬೀಳುತ್ತದೆ, ಇಲ್ಲಿ ಒಣ ಹಿಮ. ಅದಕ್ಕೆ "ಪಾಲಾ" ಎನ್ನುತ್ತಾರೆ. ಒಂದು ಸಂಜೆ ಮಾಸಾ ಆಕಾಶ ನೋಡಿ, ಮೂಗಿನಲ್ಲಿ ಗಾಳಿ ಎಳೆದು, ತಮ್ಮ ಕೌದಿಯನ್ನೇ ತಂದು ಬಳ್ಳಿಗೆ ಹೊದಿಸಿದರು. "ನಿಮಗೆ?" ಎಂದೆ. "ನನಗೇನು ಹೂವು ಬಿಟ್ಟಿದೆಯಾ?" ಎಂದರು. ಬೆಳಿಗ್ಗೆ ಎದುರುಮನೆಯ ಟೊಮೇಟೋ ಗಿಡಗಳು ಬಿಸಿನೀರು ಸುರಿದ ಹಾಗೆ ಕಪ್ಪಾಗಿದ್ದವು. ನಮ್ಮ ಬಳ್ಳಿಯ ತುದಿಗಳು ಮಾತ್ರ ಕರಕಾಗಿದ್ದವು, ಒಡಲು ಉಳಿದಿತ್ತು.

ಸಂಕ್ರಾಂತಿಗೆ ಎರಡು ದಿನವಿರುವಾಗ ಕಾಯಿ ಬಲಿತವು. ಒಂದನ್ನು ಕಿತ್ತು ಸಾವಿತ್ರಿಯ ಮೂಗಿಗೆ ಹಿಡಿದೆ. ಅವಳು ಮೂಸಿದಳು. ಉಗುರಿನಲ್ಲಿ ಗೀರಿ ಮತ್ತೆ ಮೂಸಿದಳು. ಮುಖ ಇಳಿಯಿತು.

"ಸೊಗಡೇ ಇಲ್ವಲ್ರೀ."

ನಿಜ. ನೋಡಲು ನಮ್ಮದೇ ಕಾಯಿ. ಕೈಗೆ ಅಂಟಬೇಕಾದ ಜಿಡ್ಡಿಲ್ಲ, ಬೀದಿಯ ತುದಿಗೆ ಹೊಡೆಯಬೇಕಾದ ವಾಸನೆ ಇಲ್ಲ. ಊರಿನಲ್ಲಿ ಅವರೆಕಾಯಿ ಮೂಟೆ ಹೊತ್ತ ಬಸ್ಸು ನಿಲ್ದಾಣಕ್ಕೆ ಬಂದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆವು, ಕೊಣನೂರು ಸಂತೆಯ ಬಸ್ಸು ಎಂದು. ಇದು ಮಾತು ಬಾರದ ಮಗುವಿನ ಹಾಗೆ ಸುಮ್ಮನಿತ್ತು.

ಎಸ್.ಟಿ.ಡಿ. ಬೂತಿಗೆ ಓಡಿದೆ. ಊರಿನ ಅಂಗಡಿಗೆ ಫೋನು ಮಾಡಿ, ಅಜ್ಜಿಯನ್ನು ಕರೆಸಿ, ಮತ್ತೆ ಮಾಡಿದೆ. ಅಜ್ಜಿಗೆ ಫೋನೆಂದರೆ ಹೊಳೆಯಾಚೆ ಇರುವವನನ್ನು ಕರೆಯುವ ಸಾಧನ. ಕೂಗಿದಳು.

"ಏನ್ಲಾ ಪುಟ್ಟಾ! ಅವ್ಳು ಎಂಗವ್ಳೆ?"

"ಅವ್ಳು ಚೆಂದಾಗವ್ಳೆ ಅಜ್ಜಿ. ಅವರೆ ಬಂತು, ಸೊಗಡು ಬರ್ಲಿಲ್ಲ."

"ಇಬ್ಬನಿ ಬೀಳ್ತದಾ ಅಲ್ಲಿ?"

"ಇಲ್ಲ."

"ಇಬ್ಬನಿ ಬೀಳ್ದೆ ಸೊಗ್ಡು ಎಲ್ಲಿಂದ್ ಬಂದಾತ್ಲಾ ಬಡ್ಡೆತದೇ! ಊಂ... ಸಿಪ್ಪೆ ಏನ್ ಮಾಡ್ದೆ?"

"ಇನ್ನೂ ಸುಲ್ದಿಲ್ಲ."

"ಸುಲ್ದು ಸಿಪ್ಪೇನ ಬೀದಿಗಾಕು. ಜನ ತುಳುದಷ್ಟೂ ಸೊಗ್ಡು ಏಳ್ತದೆ. ಮನೇಲ್ ಇಟ್ಕಂಡು ಕೂತ್ರೆ ಎದ್ದಾತಾ? ಬೀದಿಗಾಕು, ತುಳೀಲಿ!"

ಇದು ನಮ್ಮ ಕಡೆಯ ಓದುಗರಿಗೆ ಹೇಳಬೇಕಾದ್ದಲ್ಲ. ಅವರೆಯ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಹಸಿರು ಜಮಖಾನ ಹಾಸಿರುತ್ತದೆ. ಯಾರ ಬಾಗಿಲ ಮುಂದೆ ಸಿಪ್ಪೆ ಹೆಚ್ಚೋ ಆ ಮನೆ ಸುಖವಾಗಿದೆ ಎಂದು ಲೆಕ್ಕ. ದನ ತಿಂದು, ಗಾಡಿ ಹರಿದು, ಜನ ತುಳಿದು, ಆ ವಾಸನೆಗೆ ಬೀದಿಯೆಲ್ಲ ಹಸಿಯುತ್ತದೆ. ಅಜ್ಜಿಯ ಮಾತು ನನಗೆ ವೇದವಾಗಿತ್ತು. ಸಂಕ್ರಾಂತಿಯ ಬೆಳಿಗ್ಗೆ ಬಲಿತ ಕಾಯಿ ಕಿತ್ತು ಸುಲಿದು, ಕಾಳನ್ನು ನೆನೆಹಾಕಿ, ಒಂದು ಮೊರದ ತುಂಬ ಸಿಪ್ಪೆಯನ್ನು ಗಲ್ಲಿಗೆ ಒಯ್ದು ಬಾಗಿಲಿನ ಎದುರು ಎರಚಿದೆ. ಎರಚಿ, ಸೊಂಟಕ್ಕೆ ಕೈ ಕೊಟ್ಟು, ಯಾರಾದರೂ ಬಂದು ತುಳಿಯಲಿ ಎಂದು ಕಾದು ನಿಂತೆ.

ಎದುರುಮನೆಯ ಗೃಹಸ್ಥರು ಆಗತಾನೇ ಬಾಗಿಲು ಗುಡಿಸಿ ಪೊರಕೆ ಹಿಡಿದು ನಿಂತಿದ್ದರು. "ಏ ಮದ್ರಾಸಿ! ಹಬ್ಬದ ದಿನ ಕಸ ಬೀದಿಗಾ?" ಎಂದರು. ನಾನು ನನ್ನ ಹಾಲು-ಮೊಸರಿನ ಹಿಂದಿಯಲ್ಲಿ, "ತುಳಿಯಿರಿ, ದಯಮಾಡಿ ತುಳಿಯಿರಿ" ಎಂದೆ. ಅವರಿಗೆ ಕೋಪ ಏರಿತು. ತಾನೇಕೆ ಕಸ ತುಳಿಯಬೇಕು? ಪಕ್ಕದ ಮನೆಯವರೂ ಬಂದರು. ನಾನು ಒಬ್ಬೊಬ್ಬರಿಗೂ ಕೈ ಮುಗಿದು ತುಳಿಯಿರಿ ಎನ್ನುವುದು, ಅವರು ಸೀರೆ ಪಂಚೆ ಎತ್ತಿಕೊಂಡು ಅಂಚಿನಲ್ಲಿ ದಾಟುವುದು. ಒಬ್ಬರಾದರೂ ಕಾಲಿಡಲಿಲ್ಲ.

ಆಗ ಮಾಸಾ ಹೊರಗೆ ಬಂದರು. ಬೀದಿ ನೋಡಿದರು. ಮೊದಲ ದಿನ ಮೋರಿಯ ಕಡೆ ನೋಡಿದ್ದರಲ್ಲ, ಅದೇ ನೋಟ. ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಸಿಪ್ಪೆ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಎಪ್ಪತ್ತರ ಮುದುಕಿ ನಡುಬೀದಿಯಲ್ಲಿ ನನ್ನ ಸಿಪ್ಪೆ ಆರಿಸುವುದನ್ನು ನೋಡಲಾರದೆ ನಾನೂ ಕೂತೆ. ಎದುರುಮನೆಯವರು ಪೊರಕೆ ಹಿಡಿದುಕೊಂಡು ಒಳಗೆ ಹೋದರು.

"ಆರು ತಿಂಗಳು ಗಡಿಗೆಗೆ ನೀರು ತುಂಬಿದ್ದು ಬೀದಿಗೆ ಹಾಕೋಕಾ?" ಎಂದರು ಕೊನೆಗೆ. "ಇದು ಮೇಕೆಯದು. ಕೌದಿ ನನ್ನದು, ಹಿಕ್ಕೆ ಅದರದು. ಕಾಳು ನಮ್ಮ ಬೀಂದಣಿದು." ಬೀಂದಣಿ ಎಂದರೆ ಸೊಸೆ. ಸಾವಿತ್ರಿಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಮೇಕೆ ಅಷ್ಟೂ ಸಿಪ್ಪೆಯನ್ನು ತಲೆ ಎತ್ತದೆ ತಿಂದಿತು. ಸಂಜೆ ನಾನೂ ಸಾವಿತ್ರಿಯೂ ಕಾಳು ಹಿತುಕಿ, ಸಾರು ಮಾಡಿ, ಊರಿಂದ ತರಿಸಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿದೆವು. ಅವಳು ಉಂಡಳು. ಚೆನ್ನಾಗಿದೆ ಎಂದಳು. ಹೆಂಡತಿ "ಚೆನ್ನಾಗಿದೆ" ಎಂದಷ್ಟೇ ಹೇಳಿ ಸುಮ್ಮನಾದರೆ ಅದರ ಅರ್ಥ ಗಂಡನಿಗೆ ಗೊತ್ತಿರುತ್ತದೆ. ತಟ್ಟೆಯ ಅಂಚಿನಲ್ಲಿ ಬೆರಳು ಆಡಿಸುತ್ತಾ, "ಪಾಪ, ನೀವೂ ಎಷ್ಟ್ ಕಷ್ಟ ಪಟ್ರಿ" ಎಂದಳು. ಊರಿಗೆ ಹೊರಡುವ ದಾರಿ ನನಗೆ ಕಣ್ಣಿಗೆ ಕಟ್ಟಿತು.

ಮಾರನೆಯ ಬೆಳಿಗ್ಗೆ ಮಾಸಾ ಎರಡು ಲೋಟ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಹಿಂದೆಂದೂ ಕಾಣದ ಅನುಮಾನ. "ಹಾಲು ಕೆಟ್ಟಿಲ್ಲ," ಎಂದರು ಮೊದಲೇ. "ಈಗತಾನೇ ಕರೆದದ್ದು. ಆದರೆ ಏನೋ ಆಗಿದೆ. ನೀವೇ ನೋಡಿ ಹೇಳಿ."

ಸಾವಿತ್ರಿ ಲೋಟವನ್ನು ಬಾಯಿಗೆ ಒಯ್ದಳು. ಕುಡಿಯಲಿಲ್ಲ. ಹಾಗೇ ಮೂಗಿನ ಹತ್ತಿರ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ರೀ," ಎಂದಳು. "ಸೊಗಡು ಕಣ್ರೀ!"

ನಾನೂ ಮೂಸಿದೆ. ಶುಂಠಿ, ಬೆಲ್ಲ, ಮೇಕೆಯ ಹಾಲಿನ ವಾಸನೆ, ಇವೆಲ್ಲದರ ಹಿಂದೆ, ತುಂಬ ಹಿಂದೆ, ಬಸ್ಸಿನ ಟಾಪಿನ ಮೇಲಿನ ಒಂದು ಅವರೆಕಾಯಿ ಮೂಟೆ. ಇತ್ತೋ, ಇರಲೆಂಬ ಆಸೆಗೆ ಹಾಗನ್ನಿಸಿತೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಸಾವಿತ್ರಿ ಮಾತ್ರ ಎರಡೂ ಲೋಟ ಕುಡಿದಳು. ಕುಡಿದು ನಗತೊಡಗಿದಳು. "ನಮ್ ಅವರೆ ಸೊಗ್ಡು ಎಲ್ಲೋ ಹೋಗಿ ಮೇಕೆ ಹೊಟ್ಟೇಲಿ ಎದ್ದದಲ್ರೀ!" ಎಂದು ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಬೀಂದಣಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಮಾಸಾ ಅವಳ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಸಾವಿತ್ರಿ ಎದ್ದು ಶಾಲೆಯ ಸೀರೆ ಉಟ್ಟುಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು, "ಬೀಜಕ್ಕೆ ಒಂದಷ್ಟು ಕಾಯಿ ಬಳ್ಳೀಲೇ ಬಿಟ್ಟಿದೀರಾ?" ಎಂದು ಕೇಳಿದಳು.

"ಬಿಟ್ಟಿದೀನಿ."

"ಬೂದೀಲಿ ಇಡಿ," ಎಂದಳು. ಇರುತ್ತೇವೆ ಎಂದು ಅವಳು ಹೇಳಿದ್ದು ಹಾಗೆ.

ಮಗಳು ನುಗ್ಗೇಹಳ್ಳಿಯಲ್ಲಿ ಹುಟ್ಟಿದಳು. ಕಿವಿ ಸೋರಲಿಲ್ಲ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ವಾಪಸು ಬಂದೆವು. ಆ ಮೇಲೆ ಹೊಸ ಶತಮಾನವೂ ಬಂತು, ನನಗೆ ಇಲ್ಲೇ ಒಂದು ಸಣ್ಣ ಅಂಗಡಿಯೂ ಆಯಿತು, ಈಗ ಮೊಬೈಲು ರಿಪೇರಿ. ಬಳ್ಳಿ ಪ್ರತಿವರ್ಷ ಹಬ್ಬುತ್ತದೆ. ಎದುರುಮನೆಯವರೂ ಒಂದು ಗಡಿಗೆ ಹೂಳಿ ನನ್ನಿಂದಲೇ ಬೀಜ ಪಡೆದಿದ್ದಾರೆ.

ಹೋದ ಮಾಗಿಯಲ್ಲಿ ಊರಿಗೆ ಹೋಗಿದ್ದೆವು. ಅಜ್ಜಿ ಬಾಗಿ ಬಿಲ್ಲಾಗಿದ್ದಾಳೆ, ದನಿ ಮಾತ್ರ ಫೋನಿನಲ್ಲಿ ಕೂಗಿದ ದನಿಯೇ. ಚಿಕ್ಕಪ್ಪಂದಿರು, ಅವರ ಸೊಸೆಯಂದಿರು, ಜಗಲಿಯ ತುಂಬ ಜನ, ನಡುವೆ ಅವರೆಯ ಗುಡ್ಡ. ಆ ವಾಸನೆಗೆ ಚಪ್ಪಲಿ ಬಿಟ್ಟವನೇ ನಡುವೆ ಕೂತು ನಾನೂ ಸುಲಿಯತೊಡಗಿದೆ. ಸುಲಿದ ಸಿಪ್ಪೆಯನ್ನು ಎಲ್ಲರೂ ಬೀದಿಗೆ ಎಸೆಯುತ್ತಿದ್ದರು. ಆದರೆ ಬೀದಿ ಹಳೆಯ ಬೀದಿಯಾಗಿರಲಿಲ್ಲ. ಸಿಪ್ಪೆಯ ನಡುವೆ ಪ್ಲಾಸ್ಟಿಕ್ ಕವರು, ಪಾನ್ ಪರಾಗಿನ ಚೀಟಿ. ಒಂದು ಹಸು ಸಿಪ್ಪೆಗೆ ಬಾಯಿ ಹಾಕಿ ಕವರನ್ನೂ ಎಳೆಯುತ್ತಿತ್ತು. ನಾನು ಯೋಚಿಸುವ ಮೊದಲೇ ಕೈ ಮಂಕರಿ ಬುಟ್ಟಿ ಹುಡುಕಿತು. ಬೀದಿಗಿಳಿದು, ಕುಕ್ಕರುಗಾಲಲ್ಲಿ ಕೂತು, ಸಿಪ್ಪೆ ಆರಿಸತೊಡಗಿದೆ.

"ಇದ್ಯಾಕ್ಲಾ ಪುಟ್ಟಾ, ಬೀದೀಲಿ ಕುಂತ್ಕಂಡು ಭಿಕ್ಷದೋನಂಗೆ? ಬುಡು, ತುಳೀಲಿ ಜನ!" ಎಂದಳು ಅಜ್ಜಿ.

"ಹಸೂಗಾಕ್ತೀನಿ ಅಜ್ಜಿ. ಕವರು ತಿಂತಾ ಅದೆ."

"ಮಿಂದಿದ್ ನೀರ್ನೂ ತೆಂಗಿನ ಬುಡುಕ್ಕೆ ಹೊತ್ಕಂಡೋದ್ನಂತೆ ಬೆಳಿಗ್ಗೆ," ಎಂದು ಚಿಕ್ಕಪ್ಪ ನಕ್ಕರು. "ಹೊಳೆ ಮಗ್ಲಲ್ಲಿ ಹುಟ್ಟಿ ಮಾರ್ವಾಡಿ ಆಗ್ಬುಟ್ಟ ಕಣವ್ವಾ ನಿನ್ ಮೊಮ್ಮಗ." ಜಗಲಿಯೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ನನ್ನ ಮಂಕರಿಯನ್ನು ಒಂದು ಗಳಿಗೆ ನೋಡಿ, "ಅಳ್ದು ಸುರಿ ಅಂತ ಬಡ್ಕಂಡೆ. ಇವ್ನೊಬ್ಬ ಕೇಳುಸ್ಕಂಡ, ಅದೂವೆ ಅಷ್ಟ್ ದೂರ ಹೋದ್ಮೇಲೆ" ಎಂದಳು.

ಬೀಕಾನೇರಿನಲ್ಲಿ ನಾನು ಇನ್ನೂ ಮದ್ರಾಸಿಯೇ. ಊರಿನಲ್ಲಿ ಮಾರ್ವಾಡಿಯಾದೆ. ಹೊಳೆಯನ್ನು ಕಂಡರೆ ಈಜಬೇಕೆನ್ನಿಸುವ ಮೊದಲು ಇಷ್ಟೊಂದು ನೀರು ಬೀಗವಿಲ್ಲದೆ ಬಿದ್ದಿದೆಯಲ್ಲ ಎಂದು ಹೆದರಿಕೆಯಾಗುತ್ತದೆ. ಇಲ್ಲಿ ಬೀಗ ತೆಗೆದು ಟಾಂಕಾಕ್ಕೆ ಬಗ್ಗಿದರೆ, ಆ ಕತ್ತಲೆಯ ನೀರಿನಲ್ಲಿ ನನಗೆ ಕಾಣುವುದು ಹೇಮಾವತಿ.

ಈ ಸಂಕ್ರಾಂತಿಗೂ ಕಾಯಿ ಬಿಡಿಸಿದೆವು. ಸುಲಿದ ಸಿಪ್ಪೆಯೆಲ್ಲ ಮೇಕೆಯ ಬುಟ್ಟಿಗೆ ಹೋಯಿತು. ಒಂದು ಹಿಡಿಯನ್ನು ಮಾತ್ರ ನಾನು ಪ್ರತಿವರ್ಷದಂತೆ ಗಲ್ಲಿಗೆ ಒಯ್ದು ಹೊಸಿಲಿನ ಎದುರು ಹರಡಿದೆ. ಮಾಸಾ ಈಗ ಬಯ್ಯುವುದಿಲ್ಲ. ಕೋಲು ಊರಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಕಾಯುತ್ತಾರೆ. ಎದುರುಮನೆಯವರು ಹಾಲಿಗೆ ಹೊರಟವರು ನಕ್ಕು, ಸುತ್ತು ಬಳಸದೆ ನೇರವಾಗಿ ನಡೆದು, ಚಪ್ಪಲಿಯಲ್ಲಿ ಚರಚರನೆ ತುಳಿದು ಹೋದರು. ನಾನು ಉಸಿರೆಳೆದುಕೊಂಡು ನಿಂತೆ.

"ತುಳಿದಾಯಿತಲ್ಲ ಬೇಟಾ," ಎಂದರು ಮಾಸಾ, ಸೆರಗು ಚಾಚಿ. "ನಿನ್ನ ಊರಿನ ಪಾಲು ಮುಗೀತು. ಇನ್ನು ಮೇಕೆಯ ಪಾಲು ತಾ."